ಕಮಲಾಪುರದಲ್ಲಿ ನಾನು ಕಣ್ಣಿಗೆ ಡಬ್ಬಿ ಕಟ್ಟಿಕೊಂಡದ್ದು

ಕಂಪ್ಯೂಟರಿನ ಬಗ್ಗೆ ನನಗೆ ಗೊತ್ತಿಲ್ಲದ್ದು ಇನ್ನೂ ತಯಾರೇ ಆಗಿಲ್ಲ ಎಂಬ ಖಾತ್ರಿಯಲ್ಲಿ ಆ ಭಾನುವಾರ ಕಲಬುರಗಿಯಿಂದ ಬೈಕ್ ಏರಿದೆ. ಖಾತ್ರಿಗೆ ಆಧಾರವೂ ಇತ್ತು. ನಾನು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಗಿರಾಕಿಗಳಿಗೆ ಮೌಸು, ಕೀಬೋರ್ಡು ಮಾರುವುದು, ಅವರು ಮೆಟ್ಟಿಲಿಳಿದ ಮೇಲೆ ಅವರದೇ ದನಿ ತೆಗೆದು ಮಾಲಕರನ್ನು ನಗಿಸುವುದು, ಇವೆರಡು ನನ್ನ ಖಾತೆಗಳು. ರಿಪೇರಿ ಮಾತ್ರ ಖಲೀಲನದು. ಆದರೆ ಹುಡುಗಿ ನೋಡಲು ಹೋದಾಗ ಇಷ್ಟೆಲ್ಲ ಬಿಡಿಸಿ ಯಾರು ಹೇಳುತ್ತಾರೆ? "ಕಂಪ್ಯೂಟರ್ ಲೈನಿನ್ಯಾಗ ಇದ್ದೀನ್ರಿ" ಎಂದಿದ್ದೆ. ಸುಳ್ಳಲ್ಲವಲ್ಲ!

ಹುಡುಗಿ ಭಾಗ್ಯಶ್ರೀ, ಕಮಲಾಪುರದವಳು. ಮನೆಯಲ್ಲೇ ದೊಡ್ಡ ಕಂಪ್ಯೂಟರ್ ಇಟ್ಟುಕೊಂಡು ಮದುವೆ ಆಲ್ಬಮ್ ಡಿಸೈನ್ ಮಾಡುತ್ತಾಳೆ. ಅವಳಿಗೆ ನಾನು ಒಪ್ಪಿಗೆ, ನನಗೆ ಅವಳು ಒಪ್ಪಿಗೆ. ಇನ್ನೂ ಒಪ್ಪದೆ ಉಳಿದವರು ಒಬ್ಬರೇ: ಅವಳಪ್ಪ ಶಿವಶರಣಪ್ಪ ಮಾಸ್ತರು. ನಿವೃತ್ತ ಪಿ.ಟಿ. ಮಾಸ್ತರು. ಅವರ ಯಾವ ಮಾತೂ "ಏನಂತೀನಂದ್ರ…" ಇಲ್ಲದೆ ಶುರುವಾಗುವುದಿಲ್ಲ. ಮಾತು ಮುಗಿದ ಮೇಲೆ ಗಂಟಲು ಕೆರೆದರೆಂದರೆ ಹಳೇ ಟ್ರ್ಯಾಕ್ಟರ್ ಚಾಲೂ ಆದಂತೆ! ಇಂಥ ದನಿಯನ್ನು ಸುಮ್ಮನೆ ಬಿಡುವಷ್ಟು ಸಂಸ್ಕಾರ ನನಗಿಲ್ಲ. ಮೊದಲ ಭೇಟಿಯಲ್ಲೇ ಹಿಡಿದುಬಿಟ್ಟೆ. ಫೋನಿನಲ್ಲಿ ಭಾಗ್ಯಶ್ರೀಗೆ ದಿನವೂ ಅವಳಪ್ಪನ ದನಿಯಲ್ಲೇ ಶುಭರಾತ್ರಿ ಹೇಳುತ್ತಿದ್ದೆ.

ಆ ವಾರ ಅವಳೇ ಫೋನ್ ಮಾಡಿದಳು. "ಅಪ್ಪಾಜಿ ವಿ.ಆರ್. ಹೆಡ್‌ಸೆಟ್ ತರಿಸ್ಯಾರ. ಮೊಣಕಾಲು ನೋವು ಅದಲ್ಲಾ, ಹೊರಗ ಆಡ್ಲಿಕ್ಕ ಆಗವಲ್ದು. ಮನ್ಯಾಗ ನಿಂತಲ್ಲೇ ಟೇಬಲ್ ಟೆನಿಸ್ ಆಡ್ಬೇಕಂತ."

ವಿ.ಆರ್. ಹೆಡ್‌ಸೆಟ್ ಅಂದರೆ ಕಣ್ಣಿಗೆ ಕಟ್ಟಿಕೊಳ್ಳುವ ಡಬ್ಬಿ. ಅದರ ವೈರು ಕಂಪ್ಯೂಟರಿಗೆ. ಕಟ್ಟಿಕೊಂಡರೆ ಎದುರಿನ ಕೋಣೆ ಮಾಯ, ಆಟದ ಒಳಗೇ ಹೋಗಿ ನಿಂತ ಹಾಗೆ.

"ನೀನ ಹಚ್ಚಿಕೊಡು ಮತ್ತ," ಎಂದೆ.

"ಹಚ್ತೀನಂದ್ರ ಬ್ಯಾಡ ಅಂದ್ರು. ಕಂಪ್ಯೂಟರ್ ಲೈನಿನ ಹುಡುಗ ಬಂದು ಹಚ್ಚಲಿ, ಕೆಲಸ ನೋಡ್ತೀನಿ, ಆಮ್ಯಾಲ ನಿಶ್ಚಯದ ಮಾತು ಅಂದಾರ. ಖಲೀಲ್ ಭಾಯಿನ್ನ ಕರಕೊಂಡು ಬಾ."

"ಯಾಕ? ನನಗೇನಾಗ್ಯದ?"

ಅವಳು ಮೆಲ್ಲಗೆ ಫೋನ್ ಇಟ್ಟಳು. ಒಳ್ಳೆಯ ಮನೆತನ.

ಕಮಲಾಪುರ ಮುಟ್ಟಿದಾಗ ಬಿಸಿಲಿಗೆ ನನ್ನ ತಲೆ ಹೆಲ್ಮೆಟ್ಟಿನೊಳಗೆ ಅರ್ಧ ಬೆಂದಿತ್ತು. ಸುಸಲಾ, ಮಿರ್ಚಿ ಭಜಿ, ಚಹಾ ಆದವು. ಹೆಡ್‌ಸೆಟ್ ಒಂದು ಮಣೆಯ ಮೇಲೆ ಕೆಂಪು ಬಟ್ಟೆಯಲ್ಲಿ ಕೂತಿತ್ತು, ಮುಂದೆ ಊದಿನಕಡ್ಡಿ. ಭಾಗ್ಯಶ್ರೀಯ ತಾಯಿ ಅದರ ಪಟ್ಟಿಗೆ ಸಣ್ಣಗೊಂದು ಕುಂಕುಮದ ಬೊಟ್ಟು ಇಟ್ಟಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ.

"ಹೊಸಾ ಸಾಮಾನು, ಹಣಿ ಬರಿದ ಇರಬಾರ್ದು ಅವ್ವಾರ," ಎಂದು ವಿಭೂತಿ ಗಟ್ಟಿ ತರಿಸಿದೆ. ನೀರು ಬಿಟ್ಟು ತೇಯ್ದು, ಡಬ್ಬಿಯ ಮುಖಕ್ಕೆ ಈ ಕಿವಿಯಿಂದ ಆ ಕಿವಿಯವರೆಗೆ ಮೂರು ಬೆರಳು ಎಳೆದೆ. ಮುಂಭಾಗದಲ್ಲಿ ಕೆಲವು ಕಪ್ಪು ಚುಕ್ಕೆಗಳಿದ್ದವು. ಡಿಸೈನ್ ಇರಬೇಕೆಂದು ಅವನ್ನೂ ಧಾರಾಳವಾಗಿ ಮುಚ್ಚಿದೆ. ಅವ್ವಾರ ಮುಖ ಅರಳಿತು. ಮಾಸ್ತರು ಗಂಟಲು ಕೆರೆದರು. ಅರ್ಧ ಮದುವೆ ಆದಂತೆಯೇ ಎಂದುಕೊಂಡೆ!

ಇನ್ನು ವೈರು. ಕಂಪ್ಯೂಟರಿನ ಬೆನ್ನ ಕಡೆ ನೋಡುತ್ತೇನೆ, ಅದು ಹೋಗಿ ಕೂರಬಹುದಾದ ತೂತುಗಳು ಮೇಲೊಂದು, ಕೆಳಗೊಂದಷ್ಟು. ಮೇಲಿನದು ಕೈಗೆ ಹತ್ತಿರವಿತ್ತು. ವೈಜ್ಞಾನಿಕ ಕಾರಣ ಅದೊಂದೇ. ಸಿಕ್ಕಿಸಿ ಡಬ್ಬಿ ಕಣ್ಣಿಗೆ ಹಿಡಿದೆ. ಕಪ್ಪು. ತಿರುಗಿಸಿ ಹಿಡಿದೆ. ಕಪ್ಪು. ಕಣ್ಣು ಮುಚ್ಚಿದರೆ ಇದಕ್ಕಿಂತ ಹೆಚ್ಚು ಬೆಳಕು ಕಾಣುತ್ತಿತ್ತು.

"ಏನಂತೀನಂದ್ರ… ಬಂತೇನು ತಮ್ಮಾ?"

"ಬರ್ಲತ್ತದ ಸರ್. ಬಿಸಿ ಆಗ್ಬೇಕು."

ಕೈ ಎರಡೂ ಕಂಪ್ಯೂಟರಿನ ಹಿಂದೆ ಬೇಕಾಗಿದ್ದರಿಂದ ಫೋನನ್ನು ನೆಲದ ಮೇಲಿಟ್ಟು, ಸ್ಪೀಕರ್ ಹಾಕಿ ಖಲೀಲನಿಗೆ ಹಚ್ಚಿದೆ. ಮಾನ ಉಳಿಯಬೇಕಲ್ಲ? ಗಿರಾಕಿಯೊಬ್ಬನಿಗೆ ನಾನೇ ಸಲಹೆ ಕೊಡುವ ಗತ್ತಿನಲ್ಲಿ ಶುರುಮಾಡಿದೆ. "ಹಾಂ, ಹೇಳ್ರಿ, ನಿಮ್ಮ ಹೆಡ್‌ಸೆಟ್ ಕರ್ರಗ ಕಾಣ್ಲತ್ತದೇನು?"

"ಅರೇ ಮಿಯಾ, ನನ್ನ ಹೆಡ್‌ಸೆಟ್ ಎಲ್ಲದಪಾ?" ಖಲೀಲನ ದನಿ ಅಡುಗೆಮನೆವರೆಗೆ ಹೋಯಿತು. "ಮಾವನ ಮನೀ ಮುಟ್ಟೀದಿ ಏನು? ವೈರು ಮ್ಯಾಲಿನ ತೂತಿಗೆ ತುರುಕೀದಿ ಏನು? ಕೆಳಗ ಗ್ರಾಫಿಕ್ಸ್ ಕಾರ್ಡ್ ಅದ, ಚಿತ್ರ ಬರೋದು ಅಲ್ಲಿಂದ, ಅದಕ್ಕ ಹಾಕೋ! ನಿನಗ ಬರಂಗಿಲ್ಲ, ನನ್ನ ಕರಕೊಂಡು ಹೋಗಂತ ಬಾಯಿ ಬಡ್ಕೊಂಡೆ!"

ಮೂಗಿನಿಂದ ಫೋನ್ ಬಂದ್ ಮಾಡಿದೆ.

"ಏನಂತೀನಂದ್ರ… ಗಿರಾಕಿ ಭಾಳ ಸಲಿಗಿಯವರು ಕಾಣ್ತಾರ," ಎಂದರು ಮಾಸ್ತರು.

ವೈರನ್ನು ಕೆಳಗಿನ ತೂತಿಗೆ ಹಾಕಿದೆ. ಡಬ್ಬಿಯೊಳಗೆ ಬೆಳಕು ಬಂತು! ಜತೆಗೆ ಒಂದು ಸಾಲೂ ಬಂತು: ನಿಮ್ಮ ಸುತ್ತಲಿನ ಕೋಣೆ ಕಾಣುತ್ತಿಲ್ಲ, ಬೆಳಕು ಪರೀಕ್ಷಿಸಿ.

"ಬೆಳಕು ಸಾಲವಲ್ದು ಸರ್," ಎಂದು ತೀರ್ಪು ಕೊಟ್ಟೆ. ಕಿಟಕಿ ತೆರೆದೆವು. ಬಿಸಿಲು ಬಂತು, ಕೋಣೆ ಕಾಣಲಿಲ್ಲ. ಟ್ಯೂಬ್‌ಲೈಟ್ ಹಾಕಿದೆವು. ಕಾಣಲಿಲ್ಲ. ಅವ್ವಾರು ಬ್ಯಾಟರಿ ಹಿಡಿದು ನಿಂತರು. ಕೊನೆಗೆ ಪಕ್ಕದ ಮನೆಯವರ ಹ್ಯಾಲೋಜನ್ ದೀಪ ತರಿಸಿ ಹಚ್ಚಿದೆ. ಬೇಸಿಗೆಯ ಮಧ್ಯಾಹ್ನದಲ್ಲಿ ಹ್ಯಾಲೋಜನ್! ಮಾಸ್ತರರ ಬಿಳಿ ಅಂಗಿ ಬೆನ್ನಿಗೆ ಅಂಟಿತು. ನಮಗೆಲ್ಲ ಪರಸ್ಪರರ ಮುಖದ ಮೊಡವೆ ಕೂಡ ಕಾಣುತ್ತಿತ್ತು. ಡಬ್ಬಿಗೆ ಮಾತ್ರ ಏನೂ ಕಾಣದು.

ಅಷ್ಟು ಹೊತ್ತು ತುಟಿ ಕಚ್ಚಿಕೊಂಡಿದ್ದ ಭಾಗ್ಯಶ್ರೀಗೆ ತಡೆಯಲಾಗಲಿಲ್ಲ. "ಅದಕ್ಕ ಹೆಂಗ ಕಾಣ್ಬೇಕು? ಆ ಕರೀ ಚುಕ್ಕಿ ಅವಲ್ಲ, ಅವ ಅದರ ಕಣ್ಣು. ಕ್ಯಾಮೆರಾ ಅವ. ಅವಕ್ಕ ಪೂರಾ ವಿಭೂತಿ ಬಳದೀದಿ!"

ಅವ್ವಾರು ಬ್ಯಾಟರಿ ಆರಿಸಿದರು.

"ಏನಂತೀನಂದ್ರ…" ಮಾಸ್ತರು ನಿಧಾನವಾಗಿ ಹೇಳಿದರು, "ಭಕ್ತಿ ಛಲೋ ಅದ ತಮ್ಮಾ. ಕೆಲಸದ್ದ ನೋಡ್ಬೇಕು."

ಅವಳು ಹಸಿ ಬಟ್ಟೆಯಿಂದ ಒರೆಸಿಕೊಟ್ಟಳು. ಕಟ್ಟಿಕೊಂಡೆ. ಆಹಾ! ಎದುರಿಗೇ ಟೇಬಲ್ ಟೆನಿಸ್ಸಿನ ಹಸಿರು ಟೇಬಲ್! ನಾನು ಕುಣಿದುಬಿಟ್ಟೆ. ಮಾಸ್ತರರೂ ಹುರುಪಿಗೆ ಬಂದು, "ಏನಂತೀನಂದ್ರ… ತಡೀರಿ, ಡ್ರೆಸ್ ಹಾಕ್ಕೊಂಡು ಬರ್ತೀನಿ," ಎಂದು ಒಳಗೆ ಹೋದರು. ಅವ್ವಾರು ಚಹಾಕ್ಕೆ ಹೋದರು.

ನನ್ನ ಕಣ್ಣಿಗೆ ಡಬ್ಬಿ, ಕಿವಿಗೆ ಆಟದ ಸಂಗೀತ, ಎದೆಯಲ್ಲಿ ಗೆಲುವು, ಕೋಣೆಯಲ್ಲಿ ಭಾಗ್ಯಶ್ರೀ ಒಬ್ಬಳೇ. ಮನುಷ್ಯ ಹಾಳಾಗಲು ಇನ್ನೇನು ಬೇಕು?

"ಏನಂತೀನಂದ್ರ…" ನಾನು ಎದೆ ಉಬ್ಬಿಸಿ ಶುರುಮಾಡಿದೆ. "ಅದೇನು ಬ್ಯಾಟ್ ಹಿಡಿಯೋ ಕೈಯೋ, ರೊಟ್ಟಿ ಬಡಿಯೋ ಕೈಯೋ? ಮೊಣಕಾಲು ಬಗ್ಗಿಸು! ನನ್ನ ಮೊಣಕಾಲು ಬಗ್ಗಂಗಿಲ್ಲ, ಅದಕ್ಕ ನಿಂದ ಬಗ್ಗಿಸು!" ಕೊನೆಗೆ ಗಂಟಲು ಕೆರೆದೆ. ಟ್ರ್ಯಾಕ್ಟರ್ ಒಂದೇ ಏಟಿಗೆ ಚಾಲೂ!

ಅವಳು ನನ್ನ ತೋಳು ಜಗ್ಗಿದಳು. ನಗು ತಡೆಯಲಾಗುತ್ತಿಲ್ಲ, ಪಾಪ ಎಂದುಕೊಂಡೆ. "ತಡಿಯೇ, ಇನ್ನೂ ನಡಿಗಿ ಬಾಕಿ ಅದ," ಎಂದು ಕುಂಟುತ್ತಾ ಎರಡು ಹೆಜ್ಜೆ ನಡೆದು ತೋರಿಸಿ, ಗಾಳಿಯಲ್ಲಿ ಜೋರಾಗಿ ಒಂದು ಹೊಡೆತ ಬೀಸಿದೆ. ಕೈ ಯಾವುದೋ ಮೆತ್ತನೆಯದಕ್ಕೆ ಬಡಿಯಿತು. ಆಟದಲ್ಲಿ ಮೆತ್ತನೆಯದು ಏನೂ ಇರಲಿಲ್ಲ.

ಡಬ್ಬಿ ತೆಗೆದೆ.

ಎದುರಿಗೆ ಮಾಸ್ತರು. ನೀಲಿ ಟ್ರ್ಯಾಕ್ ಸೂಟು, ಕೊರಳಲ್ಲಿ ಹಳೆಯ ಸೀಟಿ, ಭುಜದ ಮೇಲೆ ನನ್ನ ಕೈ. ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದ ಅವ್ವಾರು. ನಾನು ಕೈ ತೆಗೆಯುವುದನ್ನೂ ಮರೆತೆ.

ಮಾಸ್ತರು ಬಾಯಿ ತೆರೆದರು. "ಏನಂತೀ…" ಎಂದವರು ಅಲ್ಲೇ ನಿಂತರು. ಮತ್ತೆ ತೆರೆದರು. "ಏನಂ…" ಮತ್ತೆ ನಿಂತರು. ಪಾಪ, ಜೀವಮಾನವಿಡೀ ಆಡಿದ ಮಾತು ಅವರ ಗಂಟಲಲ್ಲೇ ಸಿಕ್ಕಿಕೊಂಡಿತು. ಗಂಟಲು ಕೆರೆಯಲು ಹೋಗಿ ಅದನ್ನೂ ನುಂಗಿದರು.

ಮೊದಲು ಚಹಾದ ಕಪ್ಪುಗಳು ಗಲಗಲ ಅಂದವು. ಅವ್ವಾರು ನಗುತ್ತಿದ್ದರು. "ಥೇಟ್ ನೀವಾ ರೀ! ಒಳಗಿದ್ದಾಗ ನಾ ಖರೇನ ನೀವಾ ಅಂತ ತಿಳದೆ!"

ಮಾಸ್ತರು ನಗಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಮನಸ್ಸಿನಲ್ಲೇ ಬೈಕಿನ ಕೀಲಿ ಹುಡುಕುತ್ತಿದ್ದೆ.

"ಹುಡುಗಿ ನೋಡ್ಲಿಕ್ಕ ಬಂದಾಗ ನಮ್ಮಣ್ಣ ಇದ್ದ," ಎಂದರು. "ಅವಂದು ಬರ್ತದೇನು?"

ಅವರಣ್ಣ ಬಾಯಿ ತುಂಬ ಎಲೆ ಅಡಿಕೆ ಇಟ್ಟುಕೊಂಡು, ರಸ ಚೆಲ್ಲದಂತೆ ಸೂರು ನೋಡುತ್ತಾ ಎಲ್ಲರಿಗೂ ಬುದ್ಧಿ ಹೇಳಿದ್ದರು. ಕೆನ್ನೆ ಉಬ್ಬಿಸಿ, ಮುಖ ಮೇಲೆತ್ತಿ ಅವರ ದನಿ ತೆಗೆದೆ. ಎರಡನೇ ಮಾತಿಗೆ ಮಾಸ್ತರು ಕುರ್ಚಿ ಹಿಡಿದುಕೊಂಡರು. ಮೂರನೆಯದಕ್ಕೆ ಕೂತೇಬಿಟ್ಟರು. ಟ್ರ್ಯಾಕ್ ಸೂಟಿನ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಾ, "ಇನ್ನೊಮ್ಮೆ, ಇನ್ನೊಮ್ಮೆ ಮಾಡು ಅಳಿಯಾ!" ಎಂದರು.

ಅಳಿಯಾ! ನಾನು ಭಾಗ್ಯಶ್ರೀಯನ್ನು ನೋಡಿದೆ. ಅವಳು ಹ್ಯಾಲೋಜನ್ ಆರಿಸುತ್ತಿದ್ದಳು.

ಆಮೇಲೆ ಮಾಸ್ತರು ಡಬ್ಬಿ ಕೈಗೆತ್ತಿಕೊಂಡು ಮಗಳಿಗೆ ಹೇಳಿದರು: "ನೀ ಬಾರವ್ವಾ, ನೀನ ಕಟ್ಟು. ಇವರಿಗೆ ಅಲ್ಲೇ ಕುಂಡ್ರಸು. ವೈರು ಮುಟ್ಲಿಕ್ಕ ಬಿಡಬ್ಯಾಡ."

ನಿಶ್ಚಯ ಕಮಲಾಪುರದಲ್ಲೇ ಆಯಿತು. ಅವರ ಕಡೆಯ ಹಿರಿಯರೊಬ್ಬರು ನನ್ನನ್ನು ತೋರಿಸಿ, "ಹುಡುಗ ಏನ್ ಮಾಡ್ತಾನ್ರಿ?" ಎಂದು ಕೇಳಿದರು. ಕಂಪ್ಯೂಟರ್ ಲೈನು ಎಂಬ ಉತ್ತರಕ್ಕೆ ತಕ್ಕ ಮುಖ ಮಾಡಿಕೊಂಡು ನಾನು ನೆಟ್ಟಗೆ ಕೂತೆ.

"ನಗಸ್ತಾನ್ರಿ," ಎಂದರು ಮಾವ. "ಉಳಿದದ್ದೆಲ್ಲ ಹುಡುಗಿ ನೋಡ್ಕೊಂತಾಳ."

ಅಷ್ಟರಲ್ಲಿ ಮೈಕು ಬಂದ್ ಬಿತ್ತು. ನಾನು ಎದ್ದೆ. ಇಡೀ ಬೀಗರ ಬಳಗ ಒಂದೇ ದನಿಯಲ್ಲಿ, "ನೀವು ಕುಂಡ್ರರೀ!" ಎಂದಿತು.