ಮೂರು ಶಿಫ್ಟಿನ ವಠಾರ

ನಗು ಬರೋದಕ್ಕೆ ದೊಡ್ಡ ಕಾರಣವೇ ಬೇಕು ಅಂತೇನಿಲ್ಲ. ನಮ್ಮ ವಠಾರಕ್ಕೆ ಒಂದೇ ಒಂದು ಇಂಗ್ಲಿಷ್ ಪದ ಸಾಕಾಗಿತ್ತು. ಆ ಪದ ಶಿಫ್ಟು. ಅದನ್ನು ಹಿಡಕೊಂಡು ನಾವು ವರ್ಷಗಟ್ಟಲೆ ನಕ್ಕಿದ್ದೀವಿ, ಜಗಳ ಆಡಿದ್ದೀವಿ, ಕೊನೆಗೆ ನನ್ನ ಮದುವೆಯೂ ಅದರಿಂದಲೇ ಆಯಿತು. ಅದನ್ನು ಕೊನೇಲಿ ಹೇಳ್ತೀನಿ, ಅವಸರ ಬೇಡ.

ಎಪ್ಪತ್ತರ ದಶಕದ ಮಾತು. ಮಾಗಡಿ ರೋಡಿಗೆ ಅಂಟಿಕೊಂಡ ಕಾಮಾಕ್ಷಿಪಾಳ್ಯದಲ್ಲಿ ನಮ್ಮ ವಠಾರ. ಏಳು ಮನೆ, ಒಂದು ನಲ್ಲಿ, ಒಂದು ಬಚ್ಚಲು. ಮನೆಗೊಬ್ಬರಿಗಾದರೂ ರಾಜಾಜಿನಗರದ ಯಾವುದಾದರೊಂದು ಫ್ಯಾಕ್ಟರಿಯಲ್ಲಿ ಕೆಲಸ. ಬೆಳಿಗ್ಗೆ ಆರರಿಂದ ಎರಡು ಫಸ್ಟ್ ಶಿಫ್ಟು, ಎರಡರಿಂದ ಹತ್ತು ಸೆಕೆಂಡ್ ಶಿಫ್ಟು, ಅಲ್ಲಿಂದ ಬೆಳಗಿನವರೆಗೆ ನೈಟ್ ಶಿಫ್ಟು. ಗಡಿಯಾರ ಇದ್ದದ್ದು ಓನರ್ ಮನೇಲಿ ಮಾತ್ರ. ನಮಗೆ ಫ್ಯಾಕ್ಟರಿ ಸೈರನ್ನೇ ಗಡಿಯಾರ.

ಒಂದಕ್ಷರ ಓದದ ನಮ್ಮಜ್ಜಿಗೂ ಈ ಪದ ಒಗ್ಗಿಹೋಗಿತ್ತು. ಬಚ್ಚಲ ಮುಂದೆ ಕ್ಯೂ ನಿಂತವರಿಗೆ, "ನಿನ್ನದು ಸೆಕೆಂಡ್ ಶಿಫ್ಟು ಕಣೇ, ಹಿಂದಕ್ಕೆ ಹೋಗು" ಅನ್ನೋರು. ಅಮ್ಮನಿಗೆ, "ಸಾರು ಸ್ವಲ್ಪ ಎತ್ತಿಡು, ಸಂಜೆ ಶಿಫ್ಟಿಗೂ ಆಗುತ್ತೆ" ಅನ್ನೋರು. ನಾನು ಟೈಪಿಂಗ್ ಕ್ಲಾಸಿಗೆ ಸೇರಿ, ದೊಡ್ಡಕ್ಷರ ಬರಬೇಕಾದ್ರೆ ಶಿಫ್ಟ್ ಒತ್ತಬೇಕು ಅಂತ ಬಂದು ಹೇಳಿದಾಗ ಅಪ್ಪ ವಠಾರಕ್ಕೆಲ್ಲ ಸಾರಿಬಂದರು: "ನನ್ನ ಮಗಳ ಮೆಷಿನ್ನಿಗೂ ಶಿಫ್ಟ್ ಇದೆಯಂತೆ!"

ಅಜ್ಜಿ ಮಾತ್ರ ಮೂಗು ಮುರಿದರು. "ಮೆಷಿನ್ನಿಗಾದ್ರೂ ಬಿಡುವು ಇರುತ್ತೆ. ಇವಳ ಬಾಯಿ ಮೂರೂ ಶಿಫ್ಟಲ್ಲಿ ನಡೀತದೆ."

ಸುಳ್ಳೇನಲ್ಲ. ಮಾತು ನನಗೆ ಊಟದ ಹಾಗೆ.

ಪ್ಯಾಂಟಿನ ಊಟ

ಬಾಗಿಲ ಪಕ್ಕದ ಮೊದಲನೇ ಮನೇಲಿ ಮೂವರು ಬ್ರಹ್ಮಚಾರಿಗಳಿದ್ದರು. ಮೂವರಿಗೂ ಬೇರೆ ಬೇರೆ ಶಿಫ್ಟು. ಹಾಗಾಗಿ ಒಂದೇ ಚಾಪೆ, ಒಂದೇ ದಿಂಬು, ಒಂದೇ ಸೈಕಲ್ಲು. ಮೂವರೂ ಸೇರಿ ಹೊಲಿಸಿದ ಒಂದು ಬೆಲ್‌ಬಾಟಮ್ ಪ್ಯಾಂಟೂ ಇತ್ತು. ಗಿಳಿಹಸಿರು ಬಣ್ಣ. ಅದನ್ನು ಹಾಕ್ಕೊಂಡವನು ರಾಜ, ಉಳಿದಿಬ್ಬರು ಲುಂಗಿಯಲ್ಲಿ ಪ್ರಜೆಗಳು.

ಒಂದು ಭಾನುವಾರ ಅವರ ಪರಿಚಯದವರ ಮದುವೆ ಬಂತು. ಛತ್ರ ಹತ್ತಿರದಲ್ಲೇ. ಮೂವರಿಗೂ ಹೋಳಿಗೆ ಊಟ ಬೇಕು, ಪ್ಯಾಂಟು ಒಂದೇ. ಏನು ಮಾಡ್ತಾರೆ? ಶಿಫ್ಟು ಹಾಕಿದರು. ಒಬ್ಬ ಮೊದಲನೇ ಪಂಕ್ತೀಲಿ ಉಂಡು ಸೈಕಲ್ಲು ತುಳಿದು ಬಂದು ಪ್ಯಾಂಟು ಬಿಚ್ಚಿಕೊಟ್ಟ. ಎರಡನೆಯವನು ಅದನ್ನೇ ಏರಿಸ್ಕೊಂಡು ಎರಡನೇ ಪಂಕ್ತಿಗೆ ಹಾರಿದ. ಅವನು ಬಂದಮೇಲೆ ಮೂರನೆಯವನು.

ಮೂರನೆಯವನು ಎಲೆ ಮುಂದೆ ಕೂತ. ಬಡಿಸೋ ಭಟ್ಟರು ಸಾರಿನ ಬಕೆಟ್ಟು ಹಿಡಿದು ಬಂದವರು ಅವನ ಮುಂದೆ ನಿಂತೇಬಿಟ್ಟರು. ಮುಖ ನೋಡಿದರು, ಮೊಣಕಾಲು ನೋಡಿದರು.

"ಸ್ವಾಮಿ, ತಮ್ಮನ್ನು ನಾನು ನೋಡಿಲ್ಲ. ಆದರೆ ಈ ಪ್ಯಾಂಟು ನನಗೆ ಚೆನ್ನಾಗಿ ಗೊತ್ತು. ಮೊದಲನೇ ಪಂಕ್ತೀಲಿ ಬಲಗಾಲಿಗೆ ತುಪ್ಪ ಚೆಲ್ಲಿದ್ದು ನಾನೇ. ಎರಡನೇ ಪಂಕ್ತೀಲಿ ಎಡಗಾಲಿಗೆ ಪಾಯಸ ಚೆಲ್ಲಿದ್ದೂ ನಾನೇ. ಈಗ ಸಾರು ಎಲ್ಲಿಗೆ ಹಾಕ್ಲಿ, ನೀವೇ ಹೇಳಿ."

ಮನೆ ಶಿಫ್ಟು

ನಮ್ಮ ಚಿಕ್ಕಪ್ಪನೂ ಅದೇ ವಠಾರದ ಕೊನೇ ಮನೇಲಿದ್ದರು. ಒಂದು ದಿನ ವಿಜಯನಗರಕ್ಕೆ ಮನೆ ಶಿಫ್ಟ್ ಮಾಡಿದರು. ಎತ್ತಿನ ಗಾಡಿಗೆ ಪಾತ್ರೆ ಪಡಗ, ಒರಳು, ತುಳಸಿ ಕುಂಡ ಎಲ್ಲ ಏರಿಸಿ ಹೋದದ್ದಾಯಿತು. ಖಾಲಿಯಾದ ಮನೆಗೆ ಧಾರವಾಡದ ಕಡೆಯ ಒಬ್ಬ ಅಮ್ಮ ತನ್ನ ಮಗನ ಜೊತೆ ಬಂದರು.

ಚಿಕ್ಕಪ್ಪನಿಗೆ ಆ ವಾರ ಫಸ್ಟ್ ಶಿಫ್ಟು. ಎರಡು ಗಂಟೆ ಸೈರನ್ ಆಯ್ತು. ಹನ್ನೆರಡು ವರ್ಷ ನಡೆದ ಕಾಲು, ಅದಕ್ಕೇನು ಗೊತ್ತು ವಿಜಯನಗರ? ನೆಟ್ಟಗೆ ಹಳೇ ಮನೆಗೇ ಬಂತು. ಚಿಕ್ಕಪ್ಪ ನಲ್ಲಿ ಹತ್ತಿರ ಕಾಲು ತೊಳೆದು, ಅಂಗಿ ಬಿಚ್ಚಿ ಮೊಳೆಗೆ ಹಾಕಿ, ಮೊಳೆ ಪುಣ್ಯಕ್ಕೆ ಅಲ್ಲೇ ಇತ್ತು, ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚಿಕೊಂಡೇ "ಬಡಿಸೇ" ಅಂದರು.

ಓನರನ್ನು ಇನ್ನೂ ನೋಡಿರದ ಆ ಅಮ್ಮ, ಓನರೇ ಬಂದಿರಬೇಕು ಅಂದ್ಕೊಂಡರು. "ಉಣ್ರಿ ಉಣ್ರಿ, ನಾಚ್ಕೋಬ್ಯಾಡ್ರಿ" ಅಂತ ಅನ್ನ ಸಾರು ಬಡಿಸಿದರು. ಚಿಕ್ಕಪ್ಪ ನಿದ್ದೆಗಣ್ಣಲ್ಲೇ ಎರಡು ಸಲ ಹಾಕಿಸ್ಕೊಂಡು ಉಂಡರು. ಮೂರನೇ ಸಲ ಕೈ ನಿಂತಿತು. ಕಣ್ಣು ಬಿಟ್ಟರು. ಅಂಗಿಯನ್ನೂ ಮರೆತು ಓಡಿದರು.

ಸಂಜೆ ಚಿಕ್ಕಮ್ಮನ ಎದುರಿಗೇ ಅಪ್ಪ ಕೇಳಿದರು, "ಬೇರೆಯವರ ಮನೆ ಅಂತ ನಿಂಗೆ ಹೇಗೋ ಗೊತ್ತಾಯ್ತು?"

ಚಿಕ್ಕಪ್ಪ ಪಾಪ, ಸತ್ಯವಂತರು. "ಸಾರು ರುಚಿಯಾಗಿತ್ತು. ಆಗಲೇ ಅನುಮಾನ ಬಂತು" ಅಂದರು.

ಆಮೇಲೆ ಒಂದು ವಾರ ಚಿಕ್ಕಮ್ಮ ಅವರಿಗೆ ಬರೀ ಗಂಜಿ ಬಡಿಸಿದರು. ಯಾಕಮ್ಮ ಅಂದರೆ, "ನಮ್ಮನೆ ಯಾವುದು ಅಂತ ಗುರುತು ಸಿಗಲಿ ಅಂತ" ಅಂದರು.

ಕೆಂಪು ಟವಲ್ಲಿನ ಕಾನೂನು

ನಮ್ಮ ಮನೆ ಗೋಡೆಯ ಆಚೆ ಕಡೆ ಒಬ್ಬರಿದ್ದರು. ವಠಾರದ ಮಕ್ಕಳಿಗೆಲ್ಲ ಅವರು ನೈಟ್ ಶಿಫ್ಟ್ ಮಾಮ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲವಾದ್ದರಿಂದ ಯಾರಿಗೂ ಬೇಡದ ನೈಟ್ ಶಿಫ್ಟು ಅವರ ತಲೆಗೇ ಬೀಳೋದು. ಹಗಲು ಮಲಗೋಣ ಅಂದರೆ ನಮ್ಮ ವಠಾರದ ಗಲಾಟೆ. ಅದರಲ್ಲಿ ಅರ್ಧ ಗಲಾಟೆ ನಾನೇ.

ಎರಡು ಸಲ ಮೆಷಿನ್ ಮುಂದೆ ತೂಕಡಿಸಿ ಸಿಕ್ಕಿಬಿದ್ದಿದ್ದರು. ಇನ್ನೊಂದು ಸಲ ಕಣ್ಣು ಮುಚ್ಚಿದರೆ ಮನೆಗೆ ಹೋಗಬಹುದು ಅಂತ ಸೂಪರ್‌ವೈಸರ್ ಹೇಳಿದ್ದನಂತೆ. ಅವರ ಹೆಂಡತಿ ನಲ್ಲಿ ಹತ್ತಿರ ಕಣ್ಣೊರೆಸಿಕೊಂಡಾಗ ನಮ್ಮಜ್ಜಿ ಕಾನೂನು ಮಾಡಿದರು. ಮಾಮನ ಬಾಗಿಲಿಗೆ ಕೆಂಪು ಟವಲ್ಲು ನೇತಾಡ್ತಿದ್ದರೆ ವಠಾರದಲ್ಲಿ ಯಾರೂ ಉಸಿರೆತ್ತಬಾರದು. ಒರಳು ಬಂದ್, ರೇಡಿಯೋ ಬಂದ್, ಜಗಳ ಇದ್ದರೆ ಸಂಜೆಗೆ.

ಮಾಗಡಿ ರೋಡಿನವರೆಗೆ ಕೇಳೋ ಹಾಗೆ ಕೂಗ್ತಿದ್ದ ಸೊಪ್ಪಿನವಳೂ ಬಾಗಿಲ ಬಾಗಿಲಿಗೆ ಬಂದು ಕಿವೀಲಿ, "ದಂಟು... ಮೆಂತ್ಯ..." ಅನ್ನೋಳು. ಓನರು ಒಂದು ಸಲ ಬಾಡಿಗೆಗೆ ಅಂತ ಬಂದು ಜೋರು ಮಾಡೋಕೆ ಬಾಯಿ ತೆಗೆದರೆ, ವಠಾರದ ಹೆಂಗಸರೆಲ್ಲ ತುಟಿ ಮೇಲೆ ಬೆರಳಿಟ್ಟು ಟವಲ್ಲು ತೋರಿಸಿದರು. ಪಾಪ, ಪಿಸುಗುಟ್ಟುತ್ತಾ ಬೈಯೋಕೆ ಬರಲ್ಲ ಅಂತ ವಾಪಸ್ ಹೋದರು.

ಹೆಣ್ಣು ನೋಡೋ ಶಿಫ್ಟು

ಈಗ ನನ್ನ ಕಥೆ. ಅಷ್ಟರೊಳಗೆ ಇಬ್ಬರು ಗಂಡುಗಳು ನನ್ನನ್ನು ನೋಡಿ ಹೋಗಿದ್ದರು. ಇಬ್ಬರ ಕಡೆಯಿಂದಲೂ ಒಂದೇ ಉತ್ತರ: "ಹುಡುಗಿ ಲಕ್ಷಣವಾಗಿದ್ದಾಳೆ, ಮಾತು ಜಾಸ್ತಿ." ಎರಡನೆಯವನಿಗಂತೂ ಉಪ್ಪಿಟ್ಟು ಮುಗಿಯೋದರೊಳಗೆ ಅವನ ಕೆಲಸದ ತಪ್ಪು ಒಪ್ಪು ತಿಳಿಸಿಕೊಟ್ಟಿದ್ದೆ. ಅಮ್ಮ ಅವತ್ತು ಸೆರಗು ಬಾಯಿಗಿಟ್ಟು ಅತ್ತರು. ಅದು ಮಾತ್ರ ನನಗೆ ನಿಜವಾಗಿ ನೋವಾಯಿತು.

ಮೂರನೇ ಸಂಬಂಧ ಕೆಂಗೇರಿಯಿಂದ. ಹುಡುಗ ರಾಜಾಜಿನಗರದಲ್ಲೇ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗಳಿಗೆ ಚೆನ್ನಾಗಿದೆ ಅಂತ ಅವರ ಕಡೆಯವರೇ ಹೇಳಿಕಳಿಸಿದ್ದರು. ಬೆಳಗಾಗಿ ನೋಡಿದರೆ ಪಕ್ಕದ ಬಾಗಿಲಲ್ಲಿ ಕೆಂಪು ಟವಲ್ಲು! ಮಾಮನ ಕೆಲಸ ಖಾಯಂ ಆಗುತ್ತೋ ಇಲ್ಲವೋ ಅಂತ ತೀರ್ಮಾನ ಆಗೋ ಕೊನೇ ವಾರ ಬೇರೆ.

ಅಪ್ಪ ತಲೆ ಮೇಲೆ ಕೈಹೊತ್ತು ಕೂತರು. ಅಮ್ಮ ಮಾತ್ರ ದೇವರ ಫೋಟೋಗೆ ಕೈ ಮುಗಿದು, "ಅಂತೂ ಇವಳ ಬಾಯಿಗೆ ಬೀಗ ಹಾಕಿದೆಯಲ್ಲಪ್ಪ" ಅಂದರು.

ಹುಡುಗನ ಅಪ್ಪ ಅಮ್ಮ ಬಸ್ಸಲ್ಲಿ ಬಂದರು. ಹುಡುಗ ನೈಟ್ ಶಿಫ್ಟಿನ ಮೇಲೆ ಮೂರು ಗಂಟೆ ಓವರ್‌ಟೈಮೂ ಮುಗಿಸಿ, ಕ್ಯಾಂಟೀನಿನಲ್ಲಿ ಮುಖ ತೊಳೆದು, ಸೈಕಲ್ಲಲ್ಲಿ ನೆಟ್ಟಗೆ ಅಲ್ಲಿಂದಲೇ ಬಂದ. ಅಪ್ಪ ಬಾಗಿಲಲ್ಲೇ ಕೈ ಮುಗಿದು ಪಿಸುಗುಟ್ಟಿದರು, "ಬನ್ನಿ, ಬನ್ನಿ." ಇದು ಇವರ ಮನೆ ಪದ್ಧತಿ ಇರಬೇಕು ಅಂತ ಅವರೂ ಪಿಸುಗುಟ್ಟಿದರು, "ಬಂದ್ವಿ, ಬಂದ್ವಿ."

ನಾನು ತಟ್ಟೆ ಹಿಡಿದು ಬಂದೆ. ಹುಡುಗನ ತಾಯಿ ಕಿವಿ ಹತ್ತಿರ ಬಗ್ಗಿ, "ಹಾಡು ಬರುತ್ತೇನಮ್ಮಾ?" ಅಂದರು. ನಾನು ಬಾಯಿ ತೆಗೆದೆ. ಅಜ್ಜಿ ಗಪ್ಪಂತ ಅದಕ್ಕೊಂದು ರವೆ ಉಂಡೆ ತುರುಕಿ, "ಬರುತ್ತೆ ತಾಯಿ, ಅದು ಸಂಜೆ ಶಿಫ್ಟು" ಅಂದರು.

ಉಂಡೆ ಕರಗಿದ ಮೇಲೆ ಹುಡುಗನ ಕಡೆ ನೋಡಿದೆ. ಎಡಗೈಯಲ್ಲಿ ಉಪ್ಪಿಟ್ಟಿನ ತಟ್ಟೆ, ಬಲಗೈಯಲ್ಲಿ ಚಮಚ, ತಲೆ ಗೋಡೆಗೆ. ಗಾಢ ನಿದ್ದೆ. ಅವರಪ್ಪನಿಗೆ ಮಾನ ಹೋದ ಹಾಗಾಯಿತು. ಮಗನ ಮೊಣಕೈ ತಿವಿದು, "ಲೇ!" ಅನ್ನೋಕೆ ಹೊರಟರು. ನಾವು ನಾಲ್ಕೂ ಜನ ಒಟ್ಟಿಗೆ "ಶ್!" ಅಂದೆವು.

ಅಪ್ಪ ಕೂಡ ಜೀವಮಾನವೆಲ್ಲ ಶಿಫ್ಟು ಮಾಡಿದ ಮನುಷ್ಯ. ಮೆಲ್ಲಗೆ ಎದ್ದು, ಹುಡುಗನ ಕೈಯಿಂದ ತಟ್ಟೆ ಬಿಡಿಸಿ, ತಲೆ ಕೆಳಗೊಂದು ದಿಂಬಿಟ್ಟು, "ಪಾಪ, ಮಲಗಲಿ ಬಿಡಿ" ಅಂದರು. ನಾನು ಪಕ್ಕದಲ್ಲಿ ಕೂತು ಅವನ ಮೇಲೆ ಕೂತ ನೊಣ ಓಡಿಸಿದೆ. ಅಷ್ಟೊತ್ತು ಮಾತಾಡದೆ ಕೂತದ್ದು ನನ್ನ ಜೀವನದಲ್ಲಿ ಅದೇ ಮೊದಲು, ಅದೇ ಕೊನೆ. ಗೋಡೆಯ ಆಚೆ ಮಾಮನ ಗೊರಕೆ, ಈಚೆ ಇವನ ಗೊರಕೆ.

ಹನ್ನೆರಡರ ಊಟದ ಸೈರನ್ ಕೂಗಿತು. ಹುಡುಗ ಬೆಚ್ಚಿ ಎದ್ದು, ಊಟದ ಡಬ್ಬಿಗೆ ಕೈ ಹಾಕಿ, ನಮ್ಮನ್ನೆಲ್ಲ ಕಂಡು ಸುಸ್ತಾದ. ಆಮೇಲೆ ತಾಯಿಗೆ ಹೇಳಿದ, "ಅಮ್ಮ, ನಂಗೆ ಒಪ್ಪಿಗೆ."

"ನೀನು ಹುಡುಗಿ ಮುಖಾನೇ ನೋಡಿಲ್ವಲ್ಲೋ!"

"ಮುಖ ಆಮೇಲೆ ನೋಡ್ತೀನಮ್ಮ. ಮೂರು ವರ್ಷದಲ್ಲಿ ಹಗಲು ಹೊತ್ತು ಇಂಥ ನಿದ್ದೆ ಮಾಡಿಲ್ಲ. ಹುಡುಗಿ ಎಷ್ಟು ಮೆತ್ತಗಿದ್ದಾಳೆ ನೋಡು, ಬಾಯಿ ಇದೆಯೋ ಇಲ್ಲವೋ ಅನ್ನೋ ಹಾಗೆ."

ಪಾಪಪ್ರಜ್ಞೆಯಿಂದ ನಿಜ ಹೇಳಿಬಿಡೋಣ ಅಂತ ನಾನು ಬಾಯಿ ತೆಗೆದೆ. ಅಜ್ಜಿ ಎರಡನೇ ಉಂಡೆ ತುರುಕಿದರು. ಮದುವೆ ನಿಶ್ಚಯವಾಯಿತು. ಅದೇ ವಾರ ಮಾಮನ ಕೆಲಸವೂ ಖಾಯಂ ಆಯಿತು, ನನ್ನ ಮದುವೇಲಿ ಅವರೇ ಮುಂದೆ ನಿಂತು ಓಡಾಡಿದರು.

ಮದುವೆಯಾದ ಮೂರನೇ ದಿನ. ನಮ್ಮವರು ನೈಟ್ ಶಿಫ್ಟು ಮುಗಿಸಿ ಬಂದು ಚಾಪೆ ಹಾಕಿದ್ದರು. ನಾನು ಪಕ್ಕ ಕೂತು, ನನ್ನ ಕಥೇನ ಹುಟ್ಟಿದಾಗಿನಿಂದ ಶುರು ಮಾಡಿದವಳು ಇನ್ನೂ ನಾಲ್ಕನೇ ಕ್ಲಾಸಿಗೆ ಬಂದಿದ್ದೆ. ಅವರು ದಿಂಬಿನಿಂದ ಕಿವಿ ಮುಚ್ಚಿಕೊಂಡು ಕೇಳಿದರು, "ಅಲ್ಲ ಕಣೇ, ಅವತ್ತು ಕಾಮಾಕ್ಷಿಪಾಳ್ಯದಲ್ಲಿ ಒಂದು ಮಾತೂ ಆಡದೆ ಕೂತಿದ್ಲಲ್ಲ, ಆ ಹುಡುಗಿ ಎಲ್ಲಿ?"

"ಅವಳ ಶಿಫ್ಟು ಮುಗೀತು ರೀ. ಇನ್ಮೇಲೆ ಡ್ಯೂಟಿ ನಂದು."