ಕುಂಯ್ಯ್ ಎನ್ನುವ ಕಾರು

ಎಂಜಿನ್ ಶುರುವಾದ ಕೂಡಲೇ ಹಿಂದಿನ ಸ್ಪೀಕರುಗಳಿಂದ "ಕುಂಯ್ಯ್..." ಎಂದು ಸಣ್ಣಗೆ ಒಂದು ಅಳು ಏಳುತ್ತಿತ್ತು. ಆಕ್ಸಿಲರೇಟರ್ ಒತ್ತಿದಷ್ಟೂ ಅಳು ಮೇಲೇರುತ್ತಿತ್ತು, ಕಾಲು ತೆಗೆದರೆ ಇಳಿಯುತ್ತಿತ್ತು. ಹಾಡು ಹಾಕಿದರೂ ಅಳು, ಹಾಕದಿದ್ದರೂ ಅಳು. ವಾಲ್ಯೂಮನ್ನು ಪೂರ್ತಿ ಇಳಿಸಿದರೂ ಅದು ಸೆರಗು ಹಿಡಿದ ಮಗುವಿನ ಹಾಗೆ ಬೆನ್ನು ಬಿಡುತ್ತಿರಲಿಲ್ಲ.

ಆ ಸ್ಪೀಕರುಗಳನ್ನೂ ಡಿಕ್ಕಿಯಲ್ಲಿದ್ದ ಇಟ್ಟಿಗೆ ಗಾತ್ರದ ಆಂಪ್ಲಿಫೈಯರನ್ನೂ ತನ್ನ ಕೈಯಾರೆ ಕೂರಿಸಿದವನು ಅಳಿಯ. ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದೇ 'ಅಳಿಯಂದ್ರು' ಎಂದು. ಅತ್ತೆಯ ಮನೆಯ ಮಹಡಿಯ ಮೇಲೆ ಸಂಸಾರ ಹೂಡಿದ ದಿನದಿಂದ ಅವನ ಸ್ವಂತ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಕೆಲಸ ಹಾಸಿಗೆ ಅಂಗಡಿಯಲ್ಲಿ. ವಾರವಿಡೀ ಊರಿಗೆಲ್ಲ ನಿದ್ದೆ ಮಾರುತ್ತಿದ್ದ ಮನುಷ್ಯನಿಗೆ ಭಾನುವಾರವೂ ಕಣ್ಣು ಮುಚ್ಚುವ ಭಾಗ್ಯ ಇರಲಿಲ್ಲ. ಬೆಳಕು ಹರಿಯುವಷ್ಟರಲ್ಲಿ ಕೆಳಗಿನಿಂದ ಕರೆ ಬರುತ್ತಿತ್ತು: "ಅಳಿಯಂದ್ರೇ, ಹೊರಡೋಣ್ವಾ?"

ಅತ್ತೆ ಜೀವಮಾನವೆಲ್ಲ ಹಾಡು ಕಲಿಸಿ ನಿವೃತ್ತರಾದವರು. ಊರಿನ ನಾಲ್ಕೂ ದಿಕ್ಕಿನಲ್ಲಿ ಅವರ ಶಿಷ್ಯೆಯರಿದ್ದರು. ಒಬ್ಬಳಿಗೆ ಮಗುವಾಗಿದೆ, ನೋಡಬೇಕು. ಇನ್ನೊಬ್ಬಳು ಮನೆ ಬದಲಾಯಿಸಿದ್ದಾಳೆ, ಅದನ್ನೂ ನೋಡಬೇಕು. ಈ ಓಡಾಟದಿಂದ ಬಿಡುಗಡೆಗೆ ಅಳಿಯ ಕಂಡುಕೊಂಡ ದಾರಿ ಒಂದೇ: ಅತ್ತೆಗೇ ಕಾರು ಕಲಿಸುವುದು. ಸಂಜೆ ಸಂಜೆ ಕಲಿಸಿದ. ಅವರು ಗೇರ್ ಬದಲಿಸುವುದನ್ನು ನೋಡಬೇಕಿತ್ತು, ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ! ಆದರೂ ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದರು. ಮೊದಲ ಸಲ ಹಿಂದೆ ಹೋಗುವಾಗ ಕಂಬ ಬೀಳಿಸಿದ್ದರು. ಎರಡನೇ ಸಲ ಕಾರು ನಿಲ್ಲಿಸಿ, ಇನ್ಸ್‌ಪೆಕ್ಟರ ಸೀಟಿಯಲ್ಲಿ ಅಪಸ್ವರವಿದೆ ಎಂದು ಹೇಳಿ ಬಂದಿದ್ದರು.

ಅವತ್ತೇ ಇನ್ಸ್‌ಪೆಕ್ಟರು ಅಳಿಯನನ್ನು ಪಕ್ಕಕ್ಕೆ ಕರೆದಿದ್ದರು. "ಅಮ್ಮ ಹೇಗಾದ್ರೂ ಓಡಿಸಲಿ ಸ್ವಾಮಿ, ಈ ಕಾರು ಅಳುತ್ತಲ್ಲ, ಅದನ್ನ ನಿಲ್ಸಿ. ಮೂರನೇ ಸಲಾನೂ ಹೀಗೇ ಕುಂಯ್ ಅಂದ್ರೆ ನಾನು ಒಳಗೆ ಕೂರೋದೇ ಇಲ್ಲ."

ಈ ಮಾತನ್ನು ಅತ್ತೆಗೆ ಹೇಳಿದರೆ ಅವರು ಇನ್ಸ್‌ಪೆಕ್ಟರ ಮನೆಗೇ ಜಗಳಕ್ಕೆ ಹೋಗಬಹುದೆಂದು ಅಳಿಯ ಬಾಯಿ ಬಿಡಲಿಲ್ಲ. ಇಂದು ಮಧ್ಯಾಹ್ನ ಮೂರನೇ ಪರೀಕ್ಷೆ. ಅವನು ರಜೆ ಹಾಕಿದ. ಅಮ್ಮನನ್ನು ಪಕ್ಕದ ಬೀದಿಯ ಶಿಷ್ಯೆಯ ಮನೆಗೆ ಕರೆದುಕೊಂಡು ಹೋಗಿರೆಂದು ಹೆಂಡತಿಗೆ ಹೇಳಿದ.

"ರೀ, ಆ ಆಂಪ್ಲಿಫೈಯರಿನ ಫ್ಯೂಸ್ ಕಿತ್ತುಹಾಕಿದ್ರೆ ಆಯ್ತಪ್ಪ," ಎಂದಳು ಹೆಂಡತಿ.

"ಅದನ್ನ ಕಿತ್ರೆ ಹಾರ್ನೂ ಸಾಯುತ್ತೆ. ಎರಡನ್ನೂ ಒಂದೇ ಫ್ಯೂಸಿಗೆ ಕಟ್ಟಿದೀನಿ."

"ಯಾವ ಜಾಣ ಹಾಗೆ ಕಟ್ಟಿದ್ದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವಳು ಅಮ್ಮನ ಜೊತೆ ಹೊರಟಳು.

ಅಳಿಯ ಡಿಕ್ಕಿ ತೆರೆದಿದ್ದೇ ತಡ, ಎದುರು ಮನೆಯ ಟೆಲಿಫೋನ್ ತಾತ ಹಾಜರಾದ. ಟೆಲಿಫೋನ್ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಬೀದಿಯಲ್ಲಿ ಎಲ್ಲಿ ತಂತಿ ಕಂಡರೂ ಅದು ತನ್ನದೇ ಸ್ವತ್ತು ಎಂಬ ಭಾವನೆ ಅವನಿಗೆ.

"ಎಂಜಿನ್ ಶುರು ಮಾಡು, ಕೇಳೋಣ," ಎಂದು ಕಿವಿಗೆ ಕೈ ಒಡ್ಡಿದ. ಕುಂಯ್ಯ್. "ಅರ್ಥಿಂಗ್ ಸರಿಯಿಲ್ಲಪ್ಪ! ನೂರಕ್ಕೆ ನೂರು ಅರ್ಥಿಂಗೇ. ನಮ್ಮ ಎಕ್ಸ್‌ಚೇಂಜಿನಲ್ಲಿ ಲೈನು ಹೀಗೆ ಅತ್ರೆ ಏನು ಮಾಡ್ತಿದ್ವಿ ಗೊತ್ತಾ?"

"ಏನು ಮಾಡ್ತಿದ್ರಿ?"

"ಅರ್ಥ್ ಗುಂಡಿಗೆ ನೀರು ಹಾಕ್ತಿದ್ವಿ. ತಾ ಒಂದು ಬಕೆಟ್."

"ತಾತ, ಕಾರು ರಬ್ಬರ್ ಚಕ್ರದ ಮೇಲೆ ನಿಂತಿದೆ. ಅದಕ್ಕೆಲ್ಲಿ ಗುಂಡಿ?"

"ಅದಕ್ಕೇ ಸರಪಳಿ ಬೇಕು ಅನ್ನೋದು!" ತಾತ ತನ್ನ ಗೇಟಿನ ಸರಪಳಿ ಬಿಚ್ಚಿ ತಂದು ಕಾರಿನ ಹೊಟ್ಟೆಗೆ ಕಟ್ಟಿದ. ಇನ್ನೊಂದು ತುದಿಯನ್ನು ನೆಲಕ್ಕೆ ಬಿಟ್ಟು ಬಕೆಟ್‌ಗಟ್ಟಲೆ ನೀರು ಸುರಿಸಿದ. ಅಂಗಳ ಕೆಸರಾಯಿತು. ಅಳಿಯ ಜಾರಿ ಕುಳಿತ. ಕಾರು ಮಾತ್ರ ಮೊದಲಿಗಿಂತ ಒಂದು ಕೈ ಜಾಸ್ತಿಯೇ ಅತ್ತಿತು.

ಇಷ್ಟರಲ್ಲಿ ಪಕ್ಕದ ಮನೆಯ ಟೈಲರಮ್ಮ ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಬಂದಳು. "ಕರೆಂಟೂ ಅಲ್ಲ, ಮಣ್ಣೂ ಅಲ್ಲ ಅಳಿಯಂದ್ರೇ. ಒಳಗೆ ಜೀರುಂಡೆ ಹೊಕ್ಕಿದೆ. ನನ್ನ ಹೊಲಿಗೆ ಮಷಿನ್ ಒಳಗೂ ಒಂದ್ಸಲ ಹೊಕ್ಕಿತ್ತು."

"ಜೀರುಂಡೆ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಜೋರಾಗಿ ಕೂಗುತ್ತಾ ಅಕ್ಕಾ?"

"ಹೆದರಿಕೆ ಆಗಲ್ವಾ ಪಾಪ, ಅದಕ್ಕೆ?"

ಬೇಡವೆನ್ನುವ ಮುಂಚೆಯೇ ಟೈಲರಮ್ಮ ಎರಡು ಸೊಳ್ಳೆಬತ್ತಿ ಹಚ್ಚಿ ಕಾರಿನೊಳಗಿಟ್ಟು ಗಾಜು ಏರಿಸಿದಳು. ಅಳಿಯ ಒಂದು ಕಡೆ ಗಡಿಯಾರ ನೋಡುತ್ತಾ, ಒಂದು ಕಡೆ ಕೆಸರು ಒರೆಸಿಕೊಳ್ಳುತ್ತಾ ಡಿಕ್ಕಿಯೊಳಗೆ ತಲೆ ತೂರಿಸಿದ. ಸೀಟಿನ ಸಂದಿಯಿಂದ ಹೊಗೆ ನುಗ್ಗಿ ಬಂತು. ಮೂಗಿಗೆ ಹೋಗಿದ್ದೇ ತಡ, ಮೈಯೆಲ್ಲ ಕುಲುಕಿ ಒಂದು ಸೀನು! ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಜಾರಿ, ಆಂಪ್ಲಿಫೈಯರಿನ ಕಪ್ಪು ತಂತಿಯನ್ನು ಕಿತ್ತು, ಪಕ್ಕದ ಬಣ್ಣವನ್ನು ಬೆಕ್ಕು ಪರಚಿದ ಹಾಗೆ ಪರಚಿತು. ಬಣ್ಣದಡಿಯ ಬೋಳು ಕಬ್ಬಿಣ ಹೊಳೆಯಿತು. ಕಿತ್ತ ತಂತಿ ಹೋಗಿ ಆ ಬೋಳು ಜಾಗದ ಮೇಲೇ ಬಿತ್ತು.

ಅಳು ನಿಂತಿತು.

ಅಳಿಯ ಓಡಿ ಹೋಗಿ ಹಾಡು ಹಾಕಿದ. ಎಂಜಿನ್ ಜೋರು ಮಾಡಿದ. ಹಾಡು ತೊಳೆದ ಗಾಜಿನ ಹಾಗೆ ಸ್ವಚ್ಛ! ವಿಷಯ ಆಗ ಹೊಳೆಯಿತು. ಆ ಅರ್ಥ್ ತಂತಿಯನ್ನು ಅವನು ಬಣ್ಣದ ಮೇಲೇ ತಿರುಪು ಹಾಕಿ ಬಿಗಿದಿದ್ದ. ಬಣ್ಣ ಅಡ್ಡ ನಿಂತು ಸಂಪರ್ಕ ಅರೆಬರೆಯಾಗಿ, ಎಂಜಿನ್ನಿನ ಗೊಣಗಾಟವೆಲ್ಲ ಸ್ಪೀಕರಿಗೆ ಹರಿದು ಬರುತ್ತಿತ್ತು. ಬೋಳು ಕಬ್ಬಿಣಕ್ಕೆ ತಂತಿಯನ್ನು ಭದ್ರವಾಗಿ ಬಿಗಿದ. ಹಾರ್ನ್ ಒತ್ತಿ ನೋಡಿದ. ಅದೂ ಬದುಕಿತ್ತು.

"ಅರ್ಥಿಂಗ್ ಅಂತ ಹೇಳಿದವನು ಯಾರು?" ಎಂದು ತಾತ ಎದೆ ಉಬ್ಬಿಸಿದ.

"ಜೀರುಂಡೆ ಸತ್ತಿದ್ದು ಯಾರ ಬತ್ತಿಗೆ?" ಎಂದು ಟೈಲರಮ್ಮ ಟೇಪು ಸರಿಮಾಡಿಕೊಂಡಳು. ಅಳಿಯ ಕಾರಿನ ಹೊಟ್ಟೆಯ ಸರಪಳಿ ಬಿಚ್ಚಿಕೊಟ್ಟು ಇಬ್ಬರಿಗೂ ಕೈಮುಗಿದ. ಕಣ್ಣ ಮುಂದೆ ಮುಂದಿನ ಭಾನುವಾರ ಬೆಳಗಿನ ದಪ್ಪ ಹಾಸಿಗೆ ಆಗಲೇ ಹಾಸಿ ಸಿದ್ಧವಾಗಿತ್ತು.

ಪರೀಕ್ಷೆಯ ಮೈದಾನದವರೆಗೆ ಅವನೇ ಕಾರು ಓಡಿಸಿದ. ಅತ್ತೆಯ ಮನಸ್ಸು ತಣ್ಣಗಿರಲೆಂದು ದಾರಿಯುದ್ದಕ್ಕೂ ಹಾಡು ಹಾಕಿದ. "ಇವತ್ತು ಹಾಡು ಎಷ್ಟು ಶುದ್ಧವಾಗಿ ಕೇಳ್ತಿದೆ ಅಳಿಯಂದ್ರೇ!" ಎಂದು ಅತ್ತೆ ತಲೆದೂಗಿದರು. ಅಳಿಯ ಒಳಗೊಳಗೇ ಹಿಗ್ಗಿ ಹೀರೇಕಾಯಿಯಾದ.

ಮೈದಾನದಲ್ಲಿ ಹಾಡು ಆರಿಸಿ ಅತ್ತೆ ಸ್ಟಿಯರಿಂಗ್ ಹಿಡಿದರು. ಇನ್ಸ್‌ಪೆಕ್ಟರು ಪಕ್ಕದಲ್ಲಿ ಕುಳಿತು ಕಿವಿಗೊಟ್ಟರು. ಅಳು ಇಲ್ಲ. ಮುಖ ಅರಳಿತು. "ಬೇಕಾದ್ರೆ ನೀವು ಹಿಂದೆ ಕೂತ್ಕೊಳ್ಳಿ. ಆದ್ರೆ ಒಂದು ಮಾತೂ ಆಡಬಾರದು," ಎಂದು ಅಳಿಯನಿಗೆ ಅಪ್ಪಣೆ ಕೊಟ್ಟರು.

ಕಾರು ಫಸ್ಟ್ ಗೇರಿನಲ್ಲಿ ಹೊರಟಿತು. ವೇಗ ಏರಿತು. ಎಂಜಿನ್ ಗುಡುಗಿತು. ಅತ್ತೆಯ ಕೈ ಗೇರಿನ ಮೇಲೆ ಕಾದು ಕುಳಿತಿತ್ತೇ ಹೊರತು ಅಲ್ಲಾಡಲಿಲ್ಲ. ಮೈದಾನದ ಅರ್ಧ ಸುತ್ತು ಮುಗಿದರೂ ಫಸ್ಟ್ ಗೇರೇ. ಎಂಜಿನ್ ಕಟ್ಟಿಹಾಕಿದ ಗೂಳಿಯ ಹಾಗೆ ಬುಸುಗುಡತೊಡಗಿತು.

"ಗೇರ್ ಬದಲಾಯಿಸಿ ಅಮ್ಮಾ!" ಎಂದು ಇನ್ಸ್‌ಪೆಕ್ಟರು ಸೀಟು ಹಿಡಿದುಕೊಂಡರು.

"ಇರಿ ಸ್ವಾಮಿ, ಇನ್ನೂ ಪಂಚಮ ಬಂದಿಲ್ಲ."

"ಯಾರು ಬಂದಿಲ್ಲ?"

ಅತ್ತೆ ಗಕ್ಕನೆ ಬ್ರೇಕ್ ಒತ್ತಿ ಹಿಂದೆ ತಿರುಗಿದರು. "ಅಳಿಯಂದ್ರೇ, ನನ್ನ ಕಾರಿನ ಶ್ರುತಿ ಎಲ್ಲಿ?"

"ಅದು... ಆ ಕುಂಯ್ ಅನ್ನೋದಾ? ಬೆಳಿಗ್ಗೆ ಸರಿಮಾಡಿದೆ ಅತ್ತೆ," ಎಂದ ಅಳಿಯ, ತಪ್ಪು ಮಾಡಿದ ಮಗುವಿನ ಹಾಗೆ.

"ಅಯ್ಯೋ ದೇವರೇ, ಅದನ್ನೇ ಕೇಳ್ಕೊಂಡಲ್ವಾ ನಾನು ಗೇರ್ ಹಾಕ್ತಿದ್ದದ್ದು! ಷಡ್ಜದಿಂದ ಹೊರಟು ಪಂಚಮ ಮುಟ್ಟಿದ್ರೆ ಸೆಕೆಂಡು, ಮತ್ತೆ ಮುಟ್ಟಿದ್ರೆ ಥರ್ಡು. ಈಗ ಯಾವುದನ್ನ ನಂಬಿ ಓಡಿಸ್ಲಿ?"

"ಎಂಜಿನ್ ಸದ್ದು ಕೇಳಿಸಲ್ವಾ?" ಎಂದರು ಇನ್ಸ್‌ಪೆಕ್ಟರು.

"ಅದು ಬರೀ ಗದ್ದಲ. ಗದ್ದಲಕ್ಕೆಲ್ಲಿ ಸ್ವರ?"

ಇನ್ಸ್‌ಪೆಕ್ಟರು ನಿಟ್ಟುಸಿರು ಬಿಟ್ಟು ಪೆನ್ನು ತೆಗೆದರು. ಆ ಪೆನ್ನಿನ ತುದಿಯಲ್ಲಿ ಅಳಿಯನ ಭಾನುವಾರಗಳೆಲ್ಲ ಸಾಲಾಗಿ ನೇತಾಡುತ್ತಿದ್ದವು. ಅವನಿಗೆ ಇನ್ನು ತಡೆಯಲಾಗಲಿಲ್ಲ. ಎರಡು ಸೀಟುಗಳ ನಡುವೆ ತಲೆ ತೂರಿಸಿ, ಸ್ಪೀಡಿನ ಮುಳ್ಳಿನ ಮೇಲೆ ಕಣ್ಣು ನೆಟ್ಟು, ಮೂಗಿನಿಂದ ಹೊರಡಿಸಿದ:

"ಕುಂಯ್ಯ್..."

ಅತ್ತೆಯ ಬೆನ್ನು ನೆಟ್ಟಗಾಯಿತು. ಕಾರು ಮತ್ತೆ ಹೊರಟಿತು. ಮುಳ್ಳು ಏರಿದಂತೆ ಅಳಿಯನೂ ಏರಿದ. ಕುಂಯ್ಯ್... ಕುಂಯ್ಯ್ಯ್! ಸೆಕೆಂಡ್. ಬೆಣ್ಣೆಯಲ್ಲಿ ಬೆರಳು.

"ಮಾತಾಡಬಾರದು ಅಂದಿದ್ನಲ್ಲ!" ಎಂದರು ಇನ್ಸ್‌ಪೆಕ್ಟರು.

"ಅವರೆಲ್ಲಿ ಮಾತಾಡಿದ್ರು? ಶ್ರುತಿ ಹಿಡಿದಿದ್ದಾರೆ. ನಿಲ್ಲಿಸಬೇಡಿ ಅಳಿಯಂದ್ರೇ, ಥರ್ಡ್ ಬರ್ತಿದೆ!"

ಕಾರು ತೊಟ್ಟಿಲಿನ ಹಾಗೆ ಮೈದಾನ ಸುತ್ತಿತು. ಹಿಂದೆ ಹೋಯಿತು, ಒಂದು ಕಂಬವೂ ಅಲ್ಲಾಡಲಿಲ್ಲ. ಗೆರೆಯ ಮೇಲೆ ಅಳೆದಿಟ್ಟ ಹಾಗೆ ನಿಂತಿತು. ಅಳಿಯನ ಗಂಟಲು ಒಣಗಿ ಕಟ್ಟಿಗೆಯಾಗಿತ್ತು. ಇನ್ಸ್‌ಪೆಕ್ಟರು ಬಹಳ ಹೊತ್ತು ತಲೆ ಕೆರೆದುಕೊಂಡು, ಕೊನೆಗೆ ಅಂದರು: "ಓಡಿಸಿದ್ರಲ್ಲಿ ತಪ್ಪು ಹುಡುಕೋಕೆ ಆಗಲ್ಲ. ಪಾಸ್."

ಅಳಿಯನ ಕಣ್ಣಲ್ಲಿ ನೀರಾಡಿತು. "ಸ್ವಾಮಿ, ನೀವು ದೇವರು!"

"ಇರಿ, ಒಂದು ಷರತ್ತು ಬರೀಬೇಕು," ಎಂದರು ಇನ್ಸ್‌ಪೆಕ್ಟರು. "ಕನ್ನಡಕ ಹಾಕ್ಕೊಂಡು ಪಾಸಾದವರಿಗೆ 'ಕನ್ನಡಕ ಧರಿಸಿ ಓಡಿಸತಕ್ಕದ್ದು' ಅಂತ ಬರೀತೀವಿ. ಅಮ್ಮ ಪಾಸಾಗಿದ್ದು ನಿಮ್ಮನ್ನ ಹಾಕ್ಕೊಂಡು."

ಹೀಗಂದವರೇ ದುಂಡನೆಯ ಅಕ್ಷರದಲ್ಲಿ ಬರೆದರು: 'ಅಳಿಯನೊಂದಿಗೆ ಓಡಿಸತಕ್ಕದ್ದು.'

ಹೊರಗೆ ಬಂದು ಅಳಿಯ ಅಂಗಲಾಚಿದ. "ಅತ್ತೆ, ಒಂದೇ ಒಂದು ತಂತಿ ಸಡಿಲ ಮಾಡಿದ್ರೆ ಸಾಕು, ಆ ಸದ್ದು ವಾಪಸ್ ಬರುತ್ತೆ. ಸಾಹೇಬರಿಗೆ ಅದನ್ನೇ ತೋರಿಸಿ ಷರತ್ತು ತೆಗೆಸೋಣ. ಈಗ್ಲೇ ಮಾಡ್ಲಾ?"

"ಛೇ, ಬೇಡಿ!" ಎಂದು ಅತ್ತೆ ಅವನ ಕೆನ್ನೆ ಸವರಿದರು. "ಅದು ಯಂತ್ರದ ಸ್ವರ, ಬರೀ ಒಣ. ನಿಮ್ಮ ದನಿಯಲ್ಲಿ ಒಂದು ಸಂಕಟ ಇದೆ ನೋಡಿ, ಅದು ಕಲಿಸಿದ್ರೆ ಬರೋದಲ್ಲ. ಮೇಲಿನ ಸ್ವರ ಮಾತ್ರ ಕೊಂಚ ಇಳೀತಿದೆ. ಭಾನುವಾರ ಹೊರಡೋಕೆ ಮುಂಚೆ ಒಂದು ಗಂಟೆ ಸಾಧನೆ ಮಾಡೋಣ, ಬೇಗ ಎದ್ಬಿಡಿ."

ಅತ್ತೆ ಸ್ಟಿಯರಿಂಗ್ ಮುಂದೆ ಕುಳಿತು ಕನ್ನಡಿ ಸರಿಮಾಡಿಕೊಂಡರು. ಅಳಿಯ ಹಿಂದಿನ ಬಾಗಿಲು ತೆಗೆದು ಒಳಗೆ ಕುಳಿತ, ಗಂಟಲು ಸರಿಮಾಡಿಕೊಂಡ.

"ಕುಂಯ್ಯ್..."