ಒಡೆದು ಬಂದ ಜಾತಕ

ಪ್ರತಿಯೊಂದು ಕುಟುಂಬದಲ್ಲೂ ಒಬ್ಬ ಕಂಪ್ಯೂಟರ್ ಪಂಡಿತ ಇರುತ್ತಾನೆ. ಅವನನ್ನು ಯಾರೂ ಪರೀಕ್ಷೆ ಮಾಡಿ ಆರಿಸಿದ್ದಲ್ಲ. ಯಾವತ್ತೋ ಒಮ್ಮೆ ಯಾರದೋ ಮನೆಯ ಪ್ರಿಂಟರಿನೊಳಗೆ ಸಿಕ್ಕಿಕೊಂಡ ಕಾಗದವನ್ನು ಹರಿಯದ ಹಾಗೆ ಎಳೆದು ತೆಗೆದಿರುತ್ತಾನೆ, ಅಷ್ಟಕ್ಕೇ ಪಟ್ಟಾಭಿಷೇಕ ಆಗಿಬಿಡುತ್ತದೆ. ನಮ್ಮ ಕುಟುಂಬದಲ್ಲಿ ಆ ಪಂಡಿತ ನಾನು. ಸುಳ್ಯದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್, ಲ್ಯಾಮಿನೇಷನ್, ಪಾಸ್‌ಪೋರ್ಟ್ ಫೋಟೋ ಇತ್ಯಾದಿ ಮಾಡಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ಸರಿಯಾಗಿ ಬರುವ ವಿದ್ಯೆ ಒಂದೇ, ಬೇರೆಯವರ ದನಿ ತೆಗೆದು ಮಾತಾಡುವುದು. ಪುತ್ತೂರಿನ ಬಸ್ಸಿನ ಕಂಡಕ್ಟರಿನಿಂದ ಹಿಡಿದು ನಮ್ಮ ಅಂಗಡಿಯ ಧಣಿಯವರೆಗೆ ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ಆದರೆ ಆ ವಿದ್ಯೆಗೆ ಕುಟುಂಬದಲ್ಲಿ ಬೈಗುಳ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಕಂಪ್ಯೂಟರಿಗಾದರೆ ಚಹಾ ಮತ್ತು ಕೋಡುಬಳೆ ಸಿಗುತ್ತದೆ.

ಕೋಡುಬಳೆ ಸಿಗುವ ಮುಖ್ಯ ಸ್ಥಳ ಐವರ್ನಾಡಿನ ನಮ್ಮ ದೊಡ್ಡಪ್ಪನ ಮನೆ. ದೊಡ್ಡಪ್ಪ ಹಳ್ಳಿಯ ಅಂಚೆ ಕಚೇರಿಯಲ್ಲಿ ಪೋಸ್ಟ್ ಮಾಸ್ಟರ್ ಆಗಿ ನಿವೃತ್ತರಾದವರು. ನಿವೃತ್ತರಾದದ್ದು ಕೆಲಸದಿಂದ ಮಾತ್ರ. ಮನೆಗೆ ಯಾವ ಕವರ್ ಬಂದರೂ ಮೊದಲು ಮುಂದೆ, ಆಮೇಲೆ ಹಿಂದೆ, ಆಮೇಲೆ ಬೆಳಕಿಗೆ ಹಿಡಿದು ನೋಡಿ, ಅಂಚನ್ನು ಹೆಬ್ಬೆರಳಿನಿಂದ ಸವರಿ, 'ಸರಿ ಉಂಟು' ಎಂದ ಮೇಲೆಯೇ ಅದು ಅಡ್ರೆಸ್ಸಿನವರ ಕೈಗೆ. ಅಂಟು ಬಿಟ್ಟ ಕವರ್ ಬಂದರೆ ಅವರ ಮುಖ ನೋಡಬೇಕು. ಸರ್ವಿಸಿನಲ್ಲಿದ್ದಾಗ ಅಂಥದ್ದರ ಮೇಲೆ 'ತೆರೆದ ಸ್ಥಿತಿಯಲ್ಲಿ ಬಂದದ್ದು' ಎಂದು ಬರೆದು, ಇಬ್ಬರ ಸಹಿ ಹಾಕಿಸಿಯೇ ಕೊಡುತ್ತಿದ್ದರಂತೆ. (ಮನೆಯಲ್ಲಿ ನಾವೆಲ್ಲ ಮಾತಾಡುವುದು ಸುಳ್ಯದ ಕಡೆಯ ಆಡುಮಾತಾದ ಅರೆಭಾಷೆ. ನಿಮಗೆ ಕಷ್ಟ ಆಗುವುದು ಬೇಡ ಎಂದು ಇಲ್ಲಿ ಎಲ್ಲರ ಬಾಯಿಗೂ ನಾನೇ ಪೇಟೆ ಕನ್ನಡ ತುಂಬಿಸಿದ್ದೇನೆ.)

ದೊಡ್ಡಪ್ಪನ ಮಗಳು ಭವ್ಯಕ್ಕ ಕಡಬದ ಹತ್ತಿರ ಒಂದು ಶಾಲೆಯಲ್ಲಿ ಟೀಚರ್. ಅವಳಿಗೆ ಸಂಪಾಜೆಯಿಂದ ಒಂದು ಸಂಬಂಧ ಬಂತು. ಹುಡುಗ ಪ್ರದೀಪ, ಪುತ್ತೂರಿನಲ್ಲಿ ಹುಲ್ಲು ಕತ್ತರಿಸುವ ಯಂತ್ರಗಳನ್ನು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾನೆ. ಅವನ ಅಪ್ಪ ನಿವೃತ್ತ ಮಾಷ್ಟ್ರು. ಫೋನಿನಲ್ಲಿ 'ಹಲೋ' ಹೇಳುವಾಗಲೂ ಉಕ್ತಲೇಖನ ಕೊಡುವ ಹಾಗೆ ಬಿಡಿಸಿ ಹೇಳುವವರು. ಹುಡುಗ ಬಂದು ನೋಡಿ ಹೋದ. ಇನ್ನು ಜಾತಕ ಕೂಡಿಬರಬೇಕಷ್ಟೆ. ವಾಟ್ಸಾಪಿನಲ್ಲಿ ಹಾಕಿದರೆ ಕೈತಪ್ಪಿ ಕುಟುಂಬದ ಗ್ರೂಪಿಗೆ ಹೋದೀತು ಎಂದು ಮಾಷ್ಟ್ರು ಅದನ್ನು ಸ್ಕ್ಯಾನ್ ಮಾಡಿಸಿ ದೊಡ್ಡಪ್ಪನ ಇಮೇಲಿಗೆ ಕಳಿಸಿದರು. ದೊಡ್ಡಪ್ಪನಿಗೂ ಇದು ಹಿಡಿಸಿತು. ಮೇಲ್ ಎಂದರೆ ಮೇಲ್, ಅದಕ್ಕೊಂದು ಗೌರವ ಉಂಟು ಎಂದು ಅವರ ಲೆಕ್ಕ.

ಆ ಗೌರವ ಮೇಲ್ ತೆರೆಯುವವರೆಗೆ ಮಾತ್ರ ಇತ್ತು. ಕಂಪ್ಯೂಟರಿನ ಜೊತೆಗೇ ಬಂದಿದ್ದ ಮೇಲ್ ಪ್ರೋಗ್ರಾಮಿಗೆ ಒಂದು ಅಭ್ಯಾಸ ಉಂಟು. ಚಿತ್ರವೋ ಸ್ಕ್ಯಾನೋ ಬಂದರೆ ಅದನ್ನು ಪಿನ್ ಹಾಕಿ ಕೆಳಗಿಡುವುದಿಲ್ಲ, ಪತ್ರದ ಮಧ್ಯದಲ್ಲೇ ಚಾಪೆ ಹಾಸಿದ ಹಾಗೆ ಬಿಡಿಸಿ ಹಾಕುತ್ತದೆ. 'ಪೂಜ್ಯರೇ, ಜಾತಕ ಲಗತ್ತಿಸಿದ್ದೇನೆ' ಎಂಬ ಸಾಲಿನ ಕೆಳಗೆ ಹನ್ನೆರಡು ಮನೆಗಳ ಕುಂಡಲಿ ಪರದೆ ತುಂಬ ಹರಡಿಕೊಂಡು ಕೂತಿತ್ತು.

ದೊಡ್ಡಪ್ಪ ನನಗೆ ಫೋನ್ ಮಾಡಿದರು. "ಚೇತ, ಇದು ಒಡೆದು ಬಂದಿದೆ."

"ಎಂತದು ದೊಡ್ಡಪ್ಪ, ಕಂಪ್ಯೂಟರಾ?"

"ಜಾತಕ ಮಾರಾಯ. ನಾನು ಒಡೆಯಲೇ ಇಲ್ಲ, ಅದು ಬರುವಾಗಲೇ ಓಪನ್. ಇದನ್ನು ಮೊದಲೇ ಯಾರೋ ನೋಡಿದ್ದಾರೆ."

ಯಾರೋ ಎಂದರೆ ಯಾರು ಎಂಬುದಕ್ಕೂ ಅವರಲ್ಲಿ ಉತ್ತರ ಇತ್ತು. ಈ ಜಾತಕ ಮೊದಲು ಬೇರೊಂದು ಮನೆಗೆ ಹೋಗಿದೆ. ಅವರು ಒಡೆದು ನೋಡಿ, ಬೇಡ ಎಂದು ಹಿಂದೆ ಕಳಿಸಿದ್ದಾರೆ. ಅದನ್ನೇ ಈಗ ನಮ್ಮ ಕಡೆ ತಿರುಗಿಸಿದ್ದಾರೆ. "ಬೇರೆ ಮನೆಯವರು ಬೇಡ ಅಂತ ಬಿಟ್ಟದ್ದನ್ನು ನಮಗೆ ದಾಟಿಸುದಾ? ಹಾಗಾದರೆ ಹೆಣ್ಣು ಕೊಡುದು ಹೇಗೆ?" ಎಂದು ಫೋನ್ ಇಟ್ಟರು.

ಐದು ನಿಮಿಷ ಕಳೆಯಲಿಲ್ಲ, ಕಡಬದಿಂದ ಭವ್ಯಕ್ಕನ ಫೋನ್. ಶಾಲೆಯ ಗಲಾಟೆಯ ಮಧ್ಯೆ ದನಿ ತಗ್ಗಿಸಿ ಮಾತಾಡಿದಳು. "ನೋಡು, ಇದುವರೆಗೆ ನಾಲ್ಕು ಜನ ಬಂದು ನೋಡಿದ್ದಾರೆ. ನಾನು ಮಾತಾಡುವಾಗ ಮೊಬೈಲ್ ನೋಡದೆ ಕೂತದ್ದು ಇವರೊಬ್ಬರೇ. ಅಪ್ಪ ಭಾನುವಾರ ಬೇಡ ಅಂತ ಹೇಳಿಬಿಡ್ತಾರಂತೆ. ನೀನು ಪಂಡಿತ ಅಲ್ವಾ, ಎಂತಾದರೂ ಮಾಡು. ಮತ್ತೆ, ಈಗ ನನ್ನ ದನಿ ತೆಗೆದು ತಮಾಷೆ ಮಾಡಿದರೆ ಕಾಲು ಮುರಿತೇನೆ." ನಾನು ನಿಜವಾಗಿ ತೆಗೆಯುವುದರಲ್ಲಿದ್ದೆ, ಬಿಟ್ಟೆ.

ಆ ಸಂಜೆ ಐವರ್ನಾಡಿಗೆ ಹೋಗಿ ದೊಡ್ಡಪ್ಪನಿಗೆ ವಿವರಿಸಿದೆ. ಯಾರೂ ಒಡೆದದ್ದಲ್ಲ, ಈ ಪ್ರೋಗ್ರಾಮಿನ ಗುಣವೇ ಹಾಗೆ ಎಂದೆ. ಅವರು ಶಾಂತವಾಗಿ ಕೇಳಿಸಿಕೊಂಡರು. "ಪೋಸ್ಟ್‌ಮ್ಯಾನೇ ಒಡೆದು ಹಿಡಿದು ತೋರಿಸುದು ಅಂತಲಾ? ಅಂಥವನನ್ನು ಕೆಲಸಕ್ಕೆ ಇಟ್ಟುಕೊಳ್ಳುದು ಯಾರು?" ಮಾತಿನಲ್ಲಿ ನ್ಯಾಯ ಇತ್ತು. ಹಾಗಾಗಿ ಹೊಸ ಪೋಸ್ಟ್‌ಮ್ಯಾನನ್ನು ಹುಡುಕಲು ಹೊರಟೆವು.

ಮೊದಲು ಬ್ರೌಸರಿನಲ್ಲೇ ತೆರೆಯುವ ಮೇಲ್ ತೋರಿಸಿದೆ. ಅಲ್ಲಿ ಜಾತಕ ಪತ್ರದ ಬುಡದಲ್ಲಿ ಅಂಚೆಚೀಟಿಯಷ್ಟು ಸಣ್ಣ ಚಿತ್ರವಾಗಿ ಕಂಡಿತು. ದೊಡ್ಡಪ್ಪ ಕನ್ನಡಕ ಏರಿಸಿ, "ಇದು ಕಿಟಕಿ ಕವರ್. ಒಳಗಿನದ್ದು ಇಣುಕ್ತದೆ. ಕರೆಂಟ್ ಬಿಲ್ಲಿಗೆ ಆಗಬಹುದು, ಜಾತಕಕ್ಕೆ ಆಗುದಿಲ್ಲ" ಎಂದು ತಿರಸ್ಕರಿಸಿದರು. ಮರುದಿನ ನಾನು ಬುದ್ಧಿವಂತಿಕೆ ಮಾಡಲು ಹೋಗಿ, ಇನ್ನೊಂದು ಸಲ ಬೇರೆ ಕಡೆಯಿಂದ ಕಳಿಸಿ ಎಂದು ಮಾಷ್ಟ್ರಿಗೆ ಹೇಳಿದೆ. ಅವರು ತಮ್ಮ ಅಳಿಯನ ಆಫೀಸಿಗೆ ಹೋಗಿ ಅಲ್ಲಿಯ ಪ್ರೋಗ್ರಾಮಿನಿಂದ ಕಳಿಸಿದರು. ಆ ಪ್ರೋಗ್ರಾಮ್ ಎಲ್ಲವನ್ನೂ ತನ್ನದೇ ರೀತಿಯಲ್ಲಿ ಒಂದು ಮೂಟೆ ಕಟ್ಟಿ, 'ವಿನ್‌ಮೇಲ್ ಡಾಟ್ ಡ್ಯಾಟ್' ಎಂಬ ಅಡ್ಡ ಹೆಸರಿನಲ್ಲಿ ಮುಟ್ಟಿಸಿತು. ಎಷ್ಟು ಕ್ಲಿಕ್ ಮಾಡಿದರೂ ಅದು ಬಿಚ್ಚಲಿಲ್ಲ. ದೊಡ್ಡಪ್ಪನ ಮುಖ ಅರಳಿತು. "ನೋಡು, ಇದು ಸೀಲು. ಅರಗು ಹಾಕಿದ ಹಾಗೆ ಉಂಟು." ಬಿಚ್ಚಲು ಆಗುವುದಿಲ್ಲವಲ್ಲ ಎಂದೆ. "ಅದು ಬೇರೆ ವಿಷಯ" ಎಂದರು. ಆ ಮೂಟೆಯ ಮುಂದೆ ಕೂತು ಅವರು ಒಂದು ಗ್ಲಾಸು ಚಹಾ ಕುಡಿದ ತೃಪ್ತಿಯನ್ನು ನಾನು ಮರೆಯಲಾರೆ.

ಕೊನೆಗೆ ಶನಿವಾರ ಪುಕ್ಕಟೆ ಸಿಗುವ ಇನ್ನೊಂದು ಪ್ರೋಗ್ರಾಮ್ ಇಳಿಸಿ, ಹಳೆಯ ಮೇಲ್‌ಗಳನ್ನೆಲ್ಲ ಅದಕ್ಕೆ ತುಂಬಿಸಿದೆ. ಅದರ ಮೆನುವಿನಲ್ಲಿ ಲಗತ್ತುಗಳನ್ನು ಪತ್ರದೊಳಗೇ ತೋರಿಸಬೇಕೇ ಬೇಡವೇ ಎಂದು ಕೇಳುವ ಒಂದು ಟಿಕ್ ಉಂಟು. ಅದನ್ನು ತೆಗೆದೆ. ಮಾಷ್ಟ್ರು ಮೊದಲು ಕಳಿಸಿದ ಮೇಲ್ ತೆರೆದರೆ ಕುಂಡಲಿ ಮಾಯ. ಪತ್ರದ ಕೆಳಗೆ ಸಣ್ಣ ಪಿನ್ನಿನ ಗುರುತು, ಪಕ್ಕದಲ್ಲಿ 'ಜಾತಕ' ಎಂಬ ಹೆಸರು, ಅಷ್ಟೆ. ನಾನು ಕಾಲರ್ ಎತ್ತಿಕೊಂಡು ದೊಡ್ಡಪ್ಪನನ್ನು ಕರೆದೆ.

ಅವರು ನೋಡಿದರು. ತಾರೀಕು ನೋಡಿದರು, ಗಂಟೆ ನೋಡಿದರು. "ಇದು ಮೊನ್ನೆಯದ್ದೇ ಅಲ್ವಾ?"

"ಹೌದು ದೊಡ್ಡಪ್ಪ, ಅದೇ."

"ಮೊನ್ನೆ ಒಡೆದಿತ್ತು. ಇವತ್ತು ಮುಚ್ಚಿದೆ. ಅಂದರೆ ಯಾರೋ ಒಡೆದು ನೋಡಿ ಪುನಃ ಗೋಂದು ಹಾಕಿದ್ದಾರೆ. ಮೊದಲಿನದ್ದಾದರೂ ಬರೀ ಅಜಾಗ್ರತೆ ಅನ್ನಬಹುದಿತ್ತು. ಇದು ಮೋಸ."

ನನ್ನ ಪಾಂಡಿತ್ಯ ಅಲ್ಲಿಗೆ ಮುಗಿಯಿತು. ಮರುದಿನ ಭಾನುವಾರ. ದೊಡ್ಡಪ್ಪ ಸಂಪಾಜೆಗೆ ಬೇಡ ಎಂದು ಹೇಳಲು ಕನ್ನಡಕ ಒರೆಸಿಕೊಂಡು ಫೋನಿನ ಪಕ್ಕ ಕೂತಿದ್ದರು. ಕಡಬದಿಂದ ಬಂದಿದ್ದ ಭವ್ಯಕ್ಕ ಒಳಗಿನ ಬಾಗಿಲಲ್ಲಿ ನಿಂತಿದ್ದಳು. ಅವಳು ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಭವ್ಯಕ್ಕ ಬೈಯದೆ ನಿಂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ದೊಡ್ಡಪ್ಪನೂ ನಂಬರ್ ಒತ್ತಲು ಅರ್ಧ ಗಂಟೆಯಿಂದ ಬೆರಳು ಹುಡುಕುತ್ತಿದ್ದರು. ಮನಸ್ಸಿಲ್ಲದೆ ಮಾಡುವ ಕೆಲಸ ಎಂದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ನನಗೆ ಥಟ್ಟನೆ ಹೊಳೆಯಿತು. ಅವರಿಗೆ ಬೇಕಾದದ್ದು ಪ್ರೋಗ್ರಾಮ್ ಅಲ್ಲ, ಅಪರಾಧಿ.

"ದೊಡ್ಡಪ್ಪ, ಅದನ್ನು ಒಡೆದದ್ದು ನಾನು" ಎಂದೆ.

ದೊಡ್ಡಪ್ಪ ಫೋನನ್ನು ಬದಿಗಿಟ್ಟು ನನ್ನ ಕಡೆ ತಿರುಗಿದರು.

"ಯಾವಾಗ?"

"ಬಂದ ಕೂಡಲೇ. ಅಂಗಡಿಯಿಂದ. ನಿಮ್ಮ ಪಾಸ್‌ವರ್ಡ್ ನಾನೇ ಹಾಕಿಕೊಟ್ಟದ್ದಲ್ವಾ."

"ಓದಿದೆಯಾ?"

"ಪೂರ್ತಿ. ಆಮೇಲೆ ಹೆದರಿ ಮುಚ್ಚಿದೆ."

ಅವರ ಮುಖದಲ್ಲಿ ಸಿಟ್ಟು ಬರಲು ಹೊರಟಿತ್ತು, ಆದರೆ ಅದಕ್ಕಿಂತ ಮೊದಲೇ ನೆಮ್ಮದಿ ಬಂದು ಕೂತುಬಿಟ್ಟಿತು. ಹಾಗಾದರೆ ಸಂಪಾಜೆಯವರದ್ದು ಎಂತದೂ ತಪ್ಪಿಲ್ಲ. ಬಿಳಿ ಹಾಳೆ ಕೊಟ್ಟು ವಿವರಣೆ ಬರೆಸಿಕೊಂಡರು. 'ಮೇಲ್ಕಂಡ ಲಗತ್ತನ್ನು ನಾನು ಕುತೂಹಲದಿಂದ ಒಡೆದಿರುತ್ತೇನೆ, ಇನ್ನು ಮುಂದೆ ಹೀಗೆ ನಡೆದುಕೊಳ್ಳುವುದಿಲ್ಲ' ಎಂದು ಬರೆದು ಸಹಿ ಹಾಕಿದೆ. ಸಾಕ್ಷಿಯಾಗಿ ಸಹಿ ಹಾಕಿದವಳು ಭವ್ಯಕ್ಕ. ಹಾಕುವಾಗ ನನ್ನ ಕಡೆ ನೋಡಲಿಲ್ಲ, ಆದರೆ ರಾತ್ರಿಯ ಊಟಕ್ಕೆ ಕೋಳಿ ಸಾರಿನ ಒಳ್ಳೆಯ ತುಂಡುಗಳೆಲ್ಲ ನನ್ನ ಬಟ್ಟಲಿನಲ್ಲೇ ಇದ್ದವು. ಜಾತಕವೂ ಕೂಡಿಬಂತು.

ನಿಶ್ಚಿತಾರ್ಥದ ದಿನ ಪ್ರದೀಪ ಭಾವ ನನ್ನನ್ನು ಪಕ್ಕಕ್ಕೆ ಕರೆದ. "ನನ್ನ ಜಾತಕ ಪೂರ್ತಿ ಓದಿದ್ದು ನೀನಂತೆ, ಮಾವ ಹೇಳಿದರು. ಅಪ್ಪ ಅದನ್ನು ಇದುವರೆಗೆ ನನಗೇ ತೋರಿಸಲಿಲ್ಲ ಮಾರಾಯ. ಎಂತ ಉಂಟು ಅದರಲ್ಲಿ?" ಬಿಡುತ್ತೇನೆಯೇ. ನಮ್ಮೂರ ಜೋಯಿಸರ ದನಿ ತೆಗೆದು, "ಹೆಂಡತಿಯ ತಮ್ಮನನ್ನು ತಿಂಗಳಿಗೊಮ್ಮೆ ಊಟಕ್ಕೆ ಕರೆದರೆ ಸಕಲ ದೋಷ ಪರಿಹಾರ" ಎಂದೆ. ಅವನು ಒಳ್ಳೆಯ ಮನುಷ್ಯ, ನೇರವಾಗಿ ಹೋಗಿ ಇದು ಹೌದಾ ಎಂದು ಅಪ್ಪನಲ್ಲೇ ಕೇಳಿದ.

ಮಾಷ್ಟ್ರು ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಬಂದು ಕೂತರು. "ನೀನು. ಅದನ್ನು. ಓದಲೇ. ಇಲ್ಲ" ಎಂದರು, ಪದ ಪದ ಬಿಡಿಸಿ. ನಾನು ಬಾಯಿಗಿಡಹೊರಟ ಹೋಳಿಗೆಯನ್ನು ಎಲೆಗೆ ಇಳಿಸಿದೆ. ಜನ್ಮದಲ್ಲಿ ಮೊದಲ ಸಲ, ನಾನು ನಿರಪರಾಧಿ ಎಂಬುದು ಯಾರಿಗೂ ಗೊತ್ತಾಗದಿರಲಿ ಎಂದು ಕೇಳಿಕೊಳ್ಳುವ ಪರಿಸ್ಥಿತಿ ಬಂದಿತ್ತು. ಅವರು ಆ ಕಡೆ ಪಂಕ್ತಿಯಲ್ಲಿದ್ದ ದೊಡ್ಡಪ್ಪನ ಮುಖ ನೋಡಿದರು, ಭವ್ಯಕ್ಕನ ಮುಖ ನೋಡಿದರು. ಆಮೇಲೆ ದನಿ ತಗ್ಗಿಸಿ, "ನಿನ್ನ ದೊಡ್ಡಪ್ಪ ಯಾವತ್ತಾದರೂ ಅಡ್ಡ ಪ್ರಶ್ನೆ ಹಾಕಿದರೆ ಸಿಕ್ಕಿಬೀಳ್ತೀಯ. ನಾಳೆಯಿಂದ ಸಂಜೆ ಫೋನ್ ಮಾಡು" ಎಂದರು.

ಹಾಗಾಗಿ ಈಗ ದಿನಾ ಸಂಜೆ ಅಂಗಡಿ ಮುಚ್ಚಿದ ಮೇಲೆ ಮಾಷ್ಟ್ರು ಫೋನಿನಲ್ಲಿ ಜಾತಕ ಹೇಳಿಕೊಡುತ್ತಾರೆ, ನಾನು ಬಾಯಿಪಾಠ ಮಾಡುತ್ತೇನೆ. ಮೊನ್ನೆ ಮೊದಲ ಪರೀಕ್ಷೆ ಆಯಿತು. ಹತ್ತರಲ್ಲಿ ನಾಲ್ಕು.